ಕೆಳಬೈಲಿನ ಕೂ

ಸಂಕ್ರಾಂತಿ ಕಳೆದ ಶುಕ್ರವಾರ ಬೆಳಿಗ್ಗೆ ಹಾನಗಲ್ಲಿನಲ್ಲಿ ಶಿರಸಿಯ ಬಸ್ಸು ಹತ್ತಿದಾಗ ನಾವು ಮೂವರಿದ್ದೆವು. ನಾನು, ಮತ್ತು ನಾನು ಪಾಠ ಮಾಡುವ ಅಂತಿಮ ಬಿ.ಎ. ತರಗತಿಯ ಬಸವರಾಜ, ಸುಮಾ. ಫೆಬ್ರವರಿಯಲ್ಲಿ ತರಗತಿಯ ನಲವತ್ತು ಜನರನ್ನು ಎರಡು ದಿನದ ಪ್ರವಾಸಕ್ಕೆ ಕರೆದೊಯ್ಯುವುದಿತ್ತು. ಸಮುದ್ರ ಬೇಡ, ಜೋಗ ಬೇಡ, ಸದ್ದಿಲ್ಲದ ಜಾಗ ಬೇಕು ಎಂದು ಹುಡುಗರೇ ಕೇಳಿದ್ದರು. ಶಿರಸಿಯಲ್ಲಿರುವ ನನ್ನ ಗೆಳತಿಯೊಬ್ಬಳು ಸಿದ್ದಾಪುರ ತಾಲೂಕಿನ ಕೆಳಬೈಲು ಎಂಬ ಕಣಿವೆಯ ಹೆಸರು ಹೇಳಿದಳು. ಅಲ್ಲಿಯ ರೈತ ಮಂಜ ನಾಯ್ಕರೊಂದಿಗೆ ಫೋನಿನಲ್ಲಿ ಮಾತಾಡಿಸಿದಳು. ದೊಡ್ಡ ಗುಂಪು ಹೋಗುವ ಮೊದಲು ದಾರಿ, ನೀರು, ಮಲಗುವ ಜಾಗ ನೋಡಿ ಬರುವುದು ನಮ್ಮ ಕೆಲಸವಾಗಿತ್ತು.

ಬಸ್ಸಿನಲ್ಲಿ ನನಗೂ ಸುಮಾಳಿಗೂ ಹೆಂಗಸರ ಉಚಿತ ಟಿಕೆಟು ಸಿಕ್ಕಿತು. ಬಸವರಾಜ ಕಿಸೆಗೆ ಕೈ ಹಾಕುತ್ತ, "ನಲವತ್ತು ಮಂದ್ಯಾಗ ಇಪ್ಪತ್ತೆಂಟು ಹುಡುಗ್ಯಾರು. ಟ್ರಿಪ್ಪಿನ ಖರ್ಚೆಲ್ಲಾ ನಮ್ಮ ಹನ್ನೆರಡು ಮಂದಿ ಮ್ಯಾಲೇ ಬೀಳ್ತದ ಬಿಡ್ರಿ ಮೇಡಂ" ಎಂದ. ಕಂಡಕ್ಟರೂ ನಕ್ಕರು. ಬಸವರಾಜನ ದನಿ ದೊಡ್ಡದು. ಕಾಲೇಜಿನ ಮೈದಾನದಲ್ಲಿ ಮೈಕಿಲ್ಲದೆ ಕ್ರೀಡಾಕೂಟ ನಡೆಸಿದವನು.

ಶಿರಸಿಯಲ್ಲಿ ಊಟ ಮುಗಿಸಿ ಹೆಗ್ಗರಣೆಯ ಬಸ್ಸು ಹಿಡಿದೆವು. ಅದು ಸುಮಾರು ಮೂವತ್ತು ಕಿಲೋಮೀಟರಿನ ದಾರಿ. ಬಿಸಿಲಿದ್ದರೂ ಕಿಟಕಿಯ ಗಾಳಿ ತಣ್ಣಗಿತ್ತು. ಹೆಗ್ಗರಣೆಯಿಂದ ಇನ್ನಷ್ಟು ಮುಂದೆ, ಡಾಂಬರು ಮುಗಿಯುವ ತಿರುವಿನಲ್ಲಿ ಮಂಜ ನಾಯ್ಕರು ಕಾಯುತ್ತಿದ್ದರು. ಐವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ.

"ಬಂದ್ರಾ ಅಕ್ಕೋರೆ? ಫೋನು ಮಾಡಿದ್ರಾ ಏನೋ, ಕೆಳಗೆ ಟವರೇ ಇಲ್ಲ. ನಿಮ್ಮ ಹತ್ರ ಮಾತಾಡೂಕೆ ಈ ತಿರುವಿಗೇ ಹತ್ತಿ ಬರ್ತಿದ್ದೆ" ಎಂದು ಸುಮಾಳ ಚೀಲವನ್ನು ಕೇಳದೆಯೇ ಹೆಗಲಿಗೆ ಹಾಕಿಕೊಂಡರು. ಆ ಕಡೆ ಶಾಲೆ ಕಾಲೇಜಿನಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.

ಇಳಿಯುವ ಮೊದಲು ಅವರು ಕಣಿವೆಯ ಕಡೆ ತಿರುಗಿ, ಎರಡೂ ಕೈಗಳನ್ನು ಬಾಯಿಗೆ ಬೊಗಸೆ ಹಿಡಿದು ಉದ್ದಕ್ಕೆ ಒಂದು ಕೂ ಹಾಕಿದರು. ಅದು ಮುಗಿಯುವ ಮುಂಚೆಯೇ ಕೆಳಗಿನಿಂದ ಹೆಣ್ಣುದನಿಯ ಕೂ ಬಂತು.

"ನಮ್ಮನೇವ್ಳು. ನೆಂಟ್ರು ಬಂದ್ರು, ಅಕ್ಕಿ ಹಾಕು ಅಂದೆ."

"ಒಂದ್ ಕೂ ಒಳಗ ಅಷ್ಟೆಲ್ಲಾ ಅದ ಏನ್ರಿ?" ಎಂದ ಬಸವರಾಜ.

"ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತಲ್ಲಾ" ಎಂದರು ನಾಯ್ಕರು.

ಇಳಿಜಾರಿನ ಕಾಲುದಾರಿ ಮೂರು ಕಿಲೋಮೀಟರು ಇರಬಹುದು. ಕೆಳಗೆ ಕೊಯ್ಲು ಮುಗಿದ ಗದ್ದೆಯ ಪಟ್ಟಿ, ಅದರ ನಡುವೆ ಹಳ್ಳ, ಎರಡೂ ದಂಡೆಗಳಲ್ಲಿ ದೂರ ದೂರಕ್ಕೆ ಏಳು ಮನೆಗಳು. ಹಳ್ಳ ದಾಟಲು ಎರಡು ಮರದ ದಿಮ್ಮಿ ಜೋಡಿಸಿದ ಕಾಲುಸಂಕವಿತ್ತು. ಆಚೆ ದಂಡೆಯ ದಿಬ್ಬದಲ್ಲಿ ಹಂಚಿನ ಮಾಡಿನ ಶಾಲೆ. ಮಕ್ಕಳಿಲ್ಲದೆ ನಾಲ್ಕು ವರ್ಷದ ಹಿಂದೆ ಮುಚ್ಚಿದ್ದರು. ನಮ್ಮ ಹುಡುಗರು ಮಲಗುವುದು ಅಲ್ಲಿಯೇ ಎಂದು ನಾಯ್ಕರು ಬೀಗ ತೆಗೆದು ತೋರಿಸಿದರು. ನೆಲ ಸಾರಿಸಿತ್ತು. ಮೂಲೆಯಲ್ಲಿ ಏಳೂ ಮನೆಗಳಿಂದ ತಂದ ಚಾಪೆಗಳ ಅಟ್ಟಿ.

"ಆರು ಮನೆಯವ್ರು ಮೊದಲು ಬ್ಯಾಡ ಅಂದ್ರು. ಪೇಟೆ ಹುಡುಗ್ರು, ಪ್ಲಾಸ್ಟಿಕ್ಕು ಎಸೀತಾರೆ, ಹಳ್ಳದಲ್ಲಿ ಬೀಳ್ತಾರೆ ಅಂತ. ನಾನು ಮನೆ ಮನೆಗೆ ಹೋಗಿ ಹೇಳ್ದೆ, ಜವಾಬ್ದಾರಿ ನಂದು ಅಂತ" ಎಂದರು. ಆಮೇಲೆ ಕಿಟಕಿಯ ಬಾಗಿಲನ್ನು ತಳ್ಳುತ್ತ, "ಈ ಕಟ್ಟಡದಲ್ಲಿ ಒಂದು ರಾತ್ರಿಯಾದ್ರೂ ಗಲಾಟೆ ಕೇಳ್ಬೇಕು ಅಕ್ಕೋರೆ. ನಾನು ಇಲ್ಲೇ ಕಲ್ತವ" ಎಂದರು.

ರಾತ್ರಿ ಊಟಕ್ಕೆ ಅನ್ನ, ಹರಿವೆ ಸೊಪ್ಪಿನ ಸಾಂಬಾರು, ಮಾವಿನ ಮಿಡಿಯ ಅಪ್ಪೆಹುಳಿ. ಬಸವರಾಜ ಮನೆಯಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹೊರತೆಗೆದ. ನಾಯ್ಕರ ಹೆಂಡತಿ ನಾಗವೇಣಿ ರೊಟ್ಟಿಯ ಅಂಚು ಮುರಿದು, "ಹಪ್ಪಳ ದಪ್ಪ ಆಯ್ತಲ್ರಾ" ಎಂದರು. "ಹಪ್ಪಳ ಅಲ್ರಿ ಕಾಕಿ, ಇದು ನಮ್ಮ ಊಟಾರಿ" ಎಂದು ಅವನು ನೊಂದವನಂತೆ ನಟಿಸಿದ. ಅವರು ಎರಡು ರೊಟ್ಟಿ ತಿಂದರು. ಫೆಬ್ರವರಿಯಲ್ಲಿ ನಲವತ್ತು ಜನರಿಗೆ ಏನು ಬೇಯಿಸುವುದು, ಯಾರ ಮನೆಯ ಹಂಡೆ ತರುವುದು ಎಂಬುದು ಆಗಲೇ ಅವರ ಲೆಕ್ಕದಲ್ಲಿತ್ತು.

ಊಟದ ಮೇಲೆ ಅಂಗಳದಲ್ಲಿ ಬಸವರಾಜ ಕೂ ಹಾಕುವುದನ್ನು ಕಲಿಸಿ ಎಂದು ಗಂಟುಬಿದ್ದ. ಹೊಟ್ಟೆಯಿಂದ ಉಸಿರು ತರಬೇಕು, ಕೊನೆಯಲ್ಲಿ ದನಿ ಎತ್ತಬೇಕು ಎಂದು ನಾಯ್ಕರು ಹೇಳಿಕೊಟ್ಟರು. ಮೂರನೆಯ ಸಲಕ್ಕೆ ಆಚೆ ದಂಡೆಯಿಂದ ಉತ್ತರ ಬಂತು. ಅದು ಅಲ್ಲಿಯ ಮನೆಯ ಗಣಪತಿ ಹೆಗಡೆಯವರು ಎಂದರು ನಾಯ್ಕರು. ಹುಡುಗ ಕುಣಿದಾಡಿದ.

"ಬ್ಯಾರೆ ನಮೂನಿ ಕೂ ಅದಾವೇನ್ರಿ ಕಾಕಾ?"

"ಇದಾವೆ" ಎಂದರು ನಾಯ್ಕರು. ಸ್ವಲ್ಪ ತಡೆದು, "ಇದೊಂದು ಸಾಕು ನಿಮಗೆ. ಮಲ್ಗಿ ಈಗ" ಎಂದು ಒಳಗೆ ಹೋದರು. ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಅದನ್ನು ದಣಿವು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಚಹಾ ಕುಡಿದು, ಹುಡುಗರನ್ನು ಹತ್ತಿಸಬಹುದೇ ಎಂದು ನೋಡಲು ನಾವು ಮೂವರೇ ಶಾಲೆಯ ಹಿಂದಿನ ಗುಡ್ಡ ಹತ್ತಿದೆವು. ದಾರಿ ಒಂದೇ, ತಪ್ಪುವುದಿಲ್ಲ ಎಂದು ನಾಯ್ಕರು ಹೇಳಿದ್ದರು. ಶಾಲೆಗೆ ನೀರಿನ ಪೈಪು ಜೋಡಿಸುವ ಕೆಲಸ ಅವರಿಗಿತ್ತು. ನೆತ್ತಿ ಮುಟ್ಟಿದಾಗ ಕಣಿವೆಯ ಮಂಜು ಕರಗುತ್ತಿತ್ತು. ಎದುರಿನ ಬಂಡೆಯ ಗೋಡೆಯಿಂದ ಮಾತು ಹಿಂದಿರುಗಿ ಕೇಳುತ್ತದೆ ಎಂದು ಸುಮಾ ಕಂಡುಹಿಡಿದಳು. ಬಸವರಾಜ ತನ್ನ ಹೆಸರು ಕೂಗಿದ. ತರಗತಿಯ ಒಬ್ಬೊಬ್ಬರ ಹೆಸರನ್ನೂ ಕೂಗಿದ. ಆಮೇಲೆ ಕೈ ಬೊಗಸೆ ಮಾಡಿ ಕೂ ಹಾಕಿದ. ಉದ್ದನೆಯ ಕೂ ಬಂಡೆಗೆ ಬಡಿದು ಕಲಸಿಹೋಗುತ್ತಿತ್ತು. ಗಿಡ್ಡದು ಸ್ಪಷ್ಟವಾಗಿ ಮರಳುತ್ತಿತ್ತು. ಅದಕ್ಕೆ ಅವನು ಗಿಡ್ಡಗಿಡ್ಡದಾಗಿ ಮೂರು ಸಲ ಹಾಕಿದ.

ಕೆಳಗಿನಿಂದ ಉತ್ತರ ಬಂತು. ಅವನು ಖುಷಿಯಿಂದ ಮತ್ತೆ ಮೂರು ಹಾಕಿದ. ಈಗ ಎರಡು ಮೂರು ಕಡೆಯಿಂದ ಉತ್ತರ ಬಂತು. ಗದ್ದೆಯಲ್ಲಿ ಸಣ್ಣ ಸಣ್ಣ ಆಕೃತಿಗಳು ಚಲಿಸತೊಡಗಿದವು.

"ಕೈ ಬೀಸಾಕತ್ತಾರ ನೋಡ್ರಿ ಮೇಡಂ" ಎಂದು ಅವನು ಇನ್ನೊಮ್ಮೆ ಹಾಕಿದ. ನಾನು ನಗುತ್ತಿದ್ದೆ.

ಸುಮಾ ನಗಲಿಲ್ಲ. "ಅವ್ರು ಓಡಾಕತ್ತಾರ್ರಿ" ಎಂದಳು.

ಹೌದು, ಓಡುತ್ತಿದ್ದರು. ಎಲ್ಲ ಮನೆಗಳಿಂದಲೂ, ಎಲ್ಲರೂ ಗುಡ್ಡದ ಕಡೆಗೇ. ಕಾಡಿಗೆ ಬೆಂಕಿ ಬಿದ್ದಿರಬಹುದೆಂದು ನಾನು ಹಿಂದಿರುಗಿ ನೋಡಿದೆ. ಏನೂ ಇರಲಿಲ್ಲ. ನಾವು ಇಳಿಯತೊಡಗಿ ಅರ್ಧ ದಾರಿಗೆ ಬರುವಷ್ಟರಲ್ಲಿ ಗಣಪತಿ ಹೆಗಡೆಯವರು ಎದುರಾದರು. ಅರವತ್ತು ದಾಟಿದವರು. ಹೆಗಲಲ್ಲಿ ಹಗ್ಗದ ಸುರುಳಿ, ಕೈಯಲ್ಲಿ ಕತ್ತಿ, ಬರಿಗಾಲು. ಅವರ ಹಿಂದೆ ಕಂಬಳಿ, ಗಳ ಹಿಡಿದ ಇಬ್ಬರು.

"ಯಾರಿಗೆ ಎಂತಾತು?" ಎಂದರು.

ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಮೂರೂ ಜನ ಇದ್ದಿ. ಹಂಗಾರೆ ಬಿದ್ದದ್ದು ಯಾರು?"

"ಯಾರೂ ಇಲ್ರಿ" ಎಂದ ಬಸವರಾಜ. "ಸುಮ್ನ ಕೂಗಿದ್ನಿ."

ಹೆಗಡೆಯವರು ಹಗ್ಗವನ್ನು ಹೆಗಲಿಂದ ಇಳಿಸಿದರು. ಅವರು ಬಯ್ಯುತ್ತಾರೆಂದು ಕಾದೆ. ಅಷ್ಟರಲ್ಲಿ ಕೆಳಗೆ ಹಳ್ಳದ ಕಡೆಯಿಂದ ಗಿಡ್ಡಗಿಡ್ಡದಾಗಿ ಮೂರು ಕೂ ಕೇಳಿದವು. ನಾಗವೇಣಿಯವರ ದನಿ. ಹೆಗಡೆಯವರು ಹಗ್ಗ ಎತ್ತಿಕೊಂಡು ಬಂದ ದಾರಿಯಲ್ಲೇ ಓಡಿದರು.

ಮಂಜ ನಾಯ್ಕರು ಶಾಲೆಯಿಂದ ಈಚೆ ದಂಡೆಯ ತಮ್ಮ ಮನೆಗೆ ಹೋಗಿದ್ದರಂತೆ, ಪೈಪಿಗೆ ಬೇಕಾದ ಏನನ್ನೋ ತರಲು. ಬಸವರಾಜನ ಮೂರು ಕೂ ಕೇಳಿ ಕಾಲುಸಂಕದ ಮೇಲೆ ಓಡಿದ್ದಾರೆ. ದಿಮ್ಮಿ ಇಬ್ಬನಿಗೆ ಒದ್ದೆಯಾಗಿತ್ತು. ನಾವು ಮುಟ್ಟಿದಾಗ ಅವರು ಹಳ್ಳದ ಕಲ್ಲುಗಳ ನಡುವೆ ಕುಳಿತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ನಮಗೆಂದು ತಂದ ಕಂಬಳಿಯಲ್ಲೇ ಅವರನ್ನು ಮಲಗಿಸಿ, ಗಳಕ್ಕೆ ಕಟ್ಟಿ, ಮೇಲಿನ ತಿರುವಿನವರೆಗೆ ಹೊತ್ತರು. ಏರಿನಲ್ಲಿ ಭುಜ ಬದಲಿಸುವಾಗ ಬಸವರಾಜ ಮುಂದೆ ಬಂದ. ಯಾರೂ ಬೇಡ ಎನ್ನಲಿಲ್ಲ, ಯಾರೂ ಅವನ ಮುಖ ನೋಡಲಿಲ್ಲ.

ತಿರುವಿನಿಂದ ಫೋನು ಮಾಡಿ ತರಿಸಿದ ಜೀಪಿನಲ್ಲಿ ಶಿರಸಿಗೆ ಹೋಗುವಾಗ ನಾಯ್ಕರು ಕೇಳಿದರು, "ನಿಮ್ಮಲ್ಲಿ ಯಾರಿಗೆ ಪೆಟ್ಟಾಗಿತ್ತು ಅಕ್ಕೋರೆ? ಈ ಹೆಣ್ಣುಹುಡುಗಿಗಾ?"

ಅಲ್ಲಿಯವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ. ಹೆಗಡೆಯವರು ಹೊರಗೆ ನೋಡಿದರು. ಹೇಳಬೇಕಾದವಳು ನಾನು. ಬಸವರಾಜನೇ ಹೇಳಿದ.

"ಯಾರಿಗೂ ಏನೂ ಆಗಿರ್ಲಿಲ್ರಿ ಕಾಕಾ. ನಾನ ಆಟಕ್ಕ ಕೂಗಿದ್ನಿ. ಅದು ಅಪಾಯದ ಕೂ ಅಂತ ನನಗ ಗೊತ್ತಿರ್ಲಿಲ್ರಿ."

ಜೀಪು ಕುಲುಕಿದಾಗ ನಾಯ್ಕರು ಒಮ್ಮೆ ನರಳಿದರು. ಆಮೇಲೆ, "ಇವರಿಗೆ ಹೇಳಿ ಇಡ್ಬೇಕಾಗಿತ್ತು ಹೆಗಡೇರೆ" ಎಂದರು.

"ಎಂತ ಹೇಳ್ತಿದ್ದೆ? ಕೂಗಿ ತೋರಿಸ್ತಿದ್ಯಾ?" ಎಂದರು ಹೆಗಡೆಯವರು.

"ಅದೆಂಗೆ ಕೂಗೂದು, ಏನೂ ಆಗ್ದೆ?"

"ಅದೇ ಮತ್ತೆ."

ಆ ಕಣಿವೆಯಲ್ಲಿ ಆ ಮೂರು ಕೂಗಳನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ. ಮಕ್ಕಳಿಗೂ ಕಲಿಸುವುದಿಲ್ಲವಂತೆ. ನಿಜವಾಗಿ ಯಾರೋ ಕೂಗಿದ ದಿನ, ದೊಡ್ಡವರ ಹಿಂದೆ ಓಡಿ ಮಕ್ಕಳು ಕಲಿಯುತ್ತಾರೆ. ಹಿಂದಿನ ರಾತ್ರಿ ಅಂಗಳದಲ್ಲಿ ನಾಯ್ಕರು ಮಾತು ನಿಲ್ಲಿಸಿದ್ದು ಅದಕ್ಕೆ. ಬಾಯಿಮಾತಿನಲ್ಲಿ ಹೇಳಬಹುದಿತ್ತಲ್ಲ ಎಂದು ಈಗ ಅನಿಸುತ್ತದೆ. ಏನದು ಎಂದು ನಾನಾದರೂ ಕೇಳಬಹುದಿತ್ತು.

ಶಿರಸಿಯ ಆಸ್ಪತ್ರೆಯಲ್ಲಿ ಎಕ್ಸರೇ ನೋಡಿ ಎರಡು ಕಡೆ ಎಲುಬು ಮುರಿದಿದೆ ಎಂದರು. ಶಸ್ತ್ರಚಿಕಿತ್ಸೆ ಸೋಮವಾರಕ್ಕೆ ನಿಗದಿಯಾಯಿತು. ವಾರ್ಡಿನಲ್ಲಿ ನಾನು ಕ್ಷಮೆ ಕೇಳಿದೆ. ನಾಯ್ಕರು, "ಶಾಲೆ ಚಾಪೆ ಎಲ್ಲಾ ಹಾಂಗೇ ಇರ್ಲಿ ಅಂತ ನಮ್ಮನೇವ್ಳಿಗೆ ಹೇಳಿ" ಎಂದಷ್ಟೇ ಅಂದರು.

ಭಾನುವಾರ ಬೆಳಿಗ್ಗೆ ಚೀಲಗಳನ್ನು ತರಲು, ಮತ್ತೆ ಆ ಮಾತು ತಲುಪಿಸಲು, ಹೆಗಡೆಯವರೊಂದಿಗೆ ನಾವು ಕೆಳಬೈಲಿಗೆ ಇಳಿದೆವು. ಗದ್ದೆಯ ಅಂಚಿನಲ್ಲಿ ಊರಿನ ಇಬ್ಬರು ಅವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ನಾಗವೇಣಿ ಆಸ್ಪತ್ರೆಗೆ ಹೊರಡಲು ಬಟ್ಟೆ ಕಟ್ಟುತ್ತಿದ್ದರು. ಬಸವರಾಜ ಅವರ ಕಾಲು ಮುಟ್ಟಲು ಬಗ್ಗಿದ. ಅವರು ಹಿಂದೆ ಸರಿದು, "ಏಳಾ ತಮ್ಮಾ, ಅದೆಲ್ಲಾ ಎಂತಕ್ಕೆ" ಎಂದು ಅವಲಕ್ಕಿ ಕೊಟ್ಟರು. ಚಾಪೆಯ ಮಾತು ಹೇಳಿದೆ. ಅವರು ಹೆಗಡೆಯವರ ಮುಖ ನೋಡಿದರು.

"ನಿನ್ನೆ ಸಂಜೆ ಎಲ್ಲರೂ ಸೇರಿದ್ರಂತೆ ಅಕ್ಕೋರೆ" ಎಂದರು ಹೆಗಡೆಯವರು. ಮಾತನ್ನು ಹುಡುಕಿ ಹುಡುಕಿ ಆಡಿದರು. "ಹುಡುಗನ ಮೇಲೆ ಸಿಟ್ಟಿಲ್ಲೆ. ಆದ್ರೆ ನಲವತ್ತು ಜನ ಬಂದು, ಖುಷಿಗೆ ಒಬ್ಬೊಬ್ಬರು ಒಂದೊಂದು ಕೂಗಿದ್ರೆ, ಯಾವ್ದಕ್ಕೆ ಓಡೋದು, ಯಾವ್ದಕ್ಕೆ ಕೂತ್ಕೊಳ್ಳೋದು? ಬೇಡ. ಮಂಜನಿಗೆ ನಾನೇ ಹೇಳ್ತೆ."

"ಅವರು ಎಲ್ಲರ ಹತ್ತಿರ ಕೇಳಿಕೊಂಡು ಒಪ್ಪಿಸಿದ್ದರು" ಎಂದೆ.

"ಗೊತ್ತಿದ್ದು. ಅದಕ್ಕೇ ನಾನು ಹೇಳ್ತೆ ಅಂದದ್ದು."

ಚೀಲ ಹೊತ್ತು ಹತ್ತತೊಡಗಿದೆವು. ಕಾಲುದಾರಿಯ ಮೊದಲ ಏರು ಮುಗಿದು ನಿಂತಾಗ ಎದುರಿನ ಇಳಿಜಾರಿನ ಕಾಡಿನಿಂದ ಒಂದು ಕೂ ಕೇಳಿತು. ಉದ್ದನೆಯದು, ಸಾಧಾರಣದ್ದು, ಯಾರೋ ಯಾರನ್ನೋ ಕರೆದದ್ದು. ಕೆಳಗೆ ಗದ್ದೆಯಲ್ಲಿ ಸೊಪ್ಪು ಹೊರುತ್ತಿದ್ದ ಹೆಂಗಸೊಬ್ಬಳು ತಲೆಯ ಮೇಲಿನ ಹೊರೆಯನ್ನು ಒಂದು ಕೈಯಲ್ಲಿ ಹಿಡಿದು ನಿಂತಳು. ಕೂ ಬಂದ ದಿಕ್ಕಿಗೆ ನೋಡಲಿಲ್ಲ. ತಿರುಗಿ ನಮ್ಮ ಕಡೆ ನೋಡಿದಳು. ಬಸವರಾಜ ಎರಡೂ ಕೈಗಳನ್ನು ಬಾಯಿಂದ ದೂರ, ಪಕ್ಕಕ್ಕೆ ಚಾಚಿ ನಿಂತುಬಿಟ್ಟ. ಅವಳು ಅವನನ್ನು ನೋಡಿದಳು, ಸುಮಾಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕಾಡಿನ ಕಡೆ ತಿರುಗಿ ಉತ್ತರ ಕೊಟ್ಟಳು.