ನಗುವಿನ ಬೆನ್ನಿಗಿದ್ದ ಫೋಟೊ

ಏಜೆನ್ಸಿಯಲ್ಲಿ ಮಾಡೆಲ್‌ಗಳ ಆಲ್ಬಮ್ ಜೋಡಿಸುವ ದೊಡ್ಡಕ್ಕನ ಮುಂದೆ ಪ್ರಯೋಗದ ಫೋಟೊ ಇಟ್ಟರೆ ಮುಗಿಯಿತು ಕಥೆ. ಅರ್ಧ ಮುಖ ನೆರಳಲ್ಲಿದ್ದರೆ "ಇನ್ನರ್ಧ ಮನೇಲಿ ಮರೆತು ಬಂದ್ಯಾ?" ಎನ್ನುತ್ತಾಳೆ, ತಲೆಕೆಳಗಾಗಿ ನೇತಾಡುತ್ತಿದ್ದರೆ ಕನ್ನಡಕ ಏರಿಸಿ, "ಬಾವಲಿಗೆ ಯಾರೇ ಕೋಟು ಹೊಲಿಸ್ತಾರೆ?" ಎಂದು ಬದಿಗೆ ಸರಿಸುತ್ತಾಳೆ. "ಗಿರಾಕಿಗೆ ಮುಖ ಬೇಕು ಕಣೇ, ಒಗಟಲ್ಲ" ಎಂಬುದು ಅವಳ ವೇದವಾಕ್ಯ. "ನಿಜವಾದ ನಾನಿರೋದು ಅದ್ರಲ್ಲೇ ಅಕ್ಕಾ" ಎಂದು ಫೋಟೊ ತಂದ ಹುಡುಗಿ ಕಣ್ಣೀರು ಹಾಕಿದರೂ ಅವಳು ಜಗ್ಗುವುದಿಲ್ಲ; ಪುಟದ ತುಂಬ ನೆಟ್ಟಗೆ ನಿಂತ ನಗುಗಳೇ. ಆದರೆ ವರ್ಷಗಳ ಮೇಲೆ, ವಯಸ್ಸಾಯಿತೆಂದು ಯಾರೂ ಕೆಲಸಕ್ಕೆ ಕರೆಯದಂತಾಗಿ, ಅದೇ ಹುಡುಗಿ ತನ್ನ ಆಲ್ಬಮ್ ಒಯ್ಯಲು ಬಂದ ದಿನ ದೊಡ್ಡಕ್ಕ ಮೊದಲ ಪುಟದ ಪ್ಲಾಸ್ಟಿಕ್ ಜೇಬಿಗೆ ಬೆರಳು ತೂರಿಸುತ್ತಾಳೆ. ನಗುವ ಮುಖದ ಬೆನ್ನಿಗೇ ತಾನು ಅಂದು ಸೇರಿಸಿಟ್ಟಿದ್ದ ಆ ಬೇಡವಾದ ಫೋಟೊವನ್ನು ಹೊರತೆಗೆಯುತ್ತಾಳೆ. "ಮುಂದಿದ್ದೋಳನ್ನ ಊರೆಲ್ಲ ನೋಡಾಯ್ತು. ಇವಳನ್ನ ಯಾರಿಗೂ ತೋರಿಸಿಲ್ಲ. ತಗೋ."