ಕೆಮ್ಮು ತೆಗೆದ ಹಾಡು

ನನ್ನ ಮಗಳ ಹಾಡು ಕೇಳಿದವರೆಲ್ಲ ಮೊದಲು ಕೇಳುವುದು ಒಂದೇ: ಅದು ಯಾವ ವಾದ್ಯ? ವಾದ್ಯವೂ ಅಲ್ಲ, ಗೀದ್ಯವೂ ಅಲ್ಲ. ಅದು ನನ್ನ ಗಂಡನ ಬಿಲ್ಲು, ಹಾಸಿಗೆಗೆ ಅರಳೆ ಹಿಂಜುವ ಬಿಲ್ಲು. ಆಳೆತ್ತರದ ಮರದ ದಂಡ, ಅದಕ್ಕೆ ಬಿಗಿದ ಹುರಿ, ಹುರಿಯನ್ನು ಹೊಡೆಯಲು ಗುಂಡುತಲೆಯ ಒಂದು ಕೊಡತಿ. ಹುರಿ ಅರಳೆಯೊಳಗೆ ಇಳಿದಾಗ ಟೊಂಯ್ ಎನ್ನುತ್ತದೆ, ಅರಳೆಯನ್ನು ಎತ್ತಿಕೊಂಡು ಮೇಲೆದ್ದಾಗ ಇನ್ನೊಮ್ಮೆ, ಸ್ವಲ್ಪ ಸಣ್ಣ ದನಿಯಲ್ಲಿ. ಆ ಹಾಡಿನಲ್ಲಿ ಕೇಳಿಸುವುದು ಅದು. ಕೇಳಿಸದೆ ಇರುವುದು ಅವರ ಕೆಮ್ಮು. ನನಗೆ ಬೇಕಾಗಿರುವುದು ಆ ಕೆಮ್ಮು.

ಬಿಲ್ಲು ಹಿಡಿದವರು ಯಾರು, ಹೇಗಿದ್ದರು ಎಂದು ಕೇಳುತ್ತಾರೆ. ಬರೆದುಕೊಡಿ ಎಂದೂ ಹೇಳಿದ್ದಾರೆ. ಬರೆಯುತ್ತೇನೆ.

ನಮ್ಮ ಮನೆ ಎಂದರೆ ಎರಡು ಕೋಣೆ. ಮುಂದಿನದು ಅಂಗಡಿ, ಹಿಂದಿನದು ಸಂಸಾರ. ನಡುವೆ ಬಾಗಿಲಿರಲಿಲ್ಲ, ಹಳೆಯ ಹಾಸಿಗೆ ಬಟ್ಟೆಯ ಪರದೆಯೊಂದು ತೂಗುತ್ತಿತ್ತು. ಅವರು ಆಚೆ ಹಿಂಜಿದರೆ ಈಚೆ ನನ್ನ ಪಾತ್ರೆಗಳ ಮೇಲೆ, ಒಲೆಯ ಮೇಲೆ, ಹುಬ್ಬಿನ ಮೇಲೆ ಬಿಳಿಯ ದೂಳು ಕೂರುತ್ತಿತ್ತು. ಹಸುಗೂಸಾಗಿದ್ದ ಮಗಳ ತಲೆಗೂದಲಿನಲ್ಲಿ ಸದಾ ಒಂದೆರಡು ಎಳೆ ಸಿಕ್ಕಿಕೊಂಡಿರುತ್ತಿದ್ದವು. ಅದಕ್ಕೇ ಅವರು ಅವಳನ್ನು ಅರಳೆ ಎಂದು ಕರೆದರು. ಶಾಲೆಗೆ ಕೊಟ್ಟ ಹೆಸರು ನಮ್ಮ ಬಾಯಿಗೆ ಹತ್ತಲೇ ಇಲ್ಲ.

ಜನ ಹಳೆಯ ಹಾಸಿಗೆ ತಂದು ಹಾಕಿ ಹೋದ ಮೇಲೆ ಅವರು ಅದನ್ನು ಬಿಚ್ಚುವ ಮೊದಲು ನೆಲಕ್ಕೆ ಹಾಸಿ, ಅಂಗೈಯಿಂದ ಸವರಿ ನೋಡುತ್ತಿದ್ದರು. ಮಲಗಿದವರ ಮೈ ಅದರಲ್ಲಿ ಅಚ್ಚಾಗಿರುತ್ತದೆಯಂತೆ. ಒಂದು ದಿನ ಪರದೆ ಸರಿಸಿ ನನ್ನನ್ನು ಕರೆದರು.

“ಬಾರೇ ಇಲ್ಲಿ. ನೋಡು, ಆ ಕಡೆ ಒಂದು ಗುಂಡಿ, ಈ ಕಡೆ ಒಂದು ಗುಂಡಿ, ನಡುವೆ ಇಷ್ಟೆತ್ತರ ದಿಬ್ಬ. ಗಂಡ ಹೆಂಡ್ತಿ ಮಾತು ಬಿಟ್ಟಿದ್ದಾರೆ ಪಾಪ.”

“ನಿಮಗ್ಯಾಕ್ರೀ ಊರವರ ಉಸಾಬರಿ? ಹಿಂಜಿ ಹೊಲಿದು ಕೊಡಿ, ಸಾಕು.”

“ಹಿಂಜಿ ಕೊಡ್ತೀನಿ. ನಡುವೆ ಒಂಚೂರು ತಗ್ಗು ಮಾಡಿ ಹೊಲೀತೀನಿ. ಇಬ್ರೂ ಉರುಳಿಕೊಂಡು ಒಂದೇ ಕಡೆ ಬರ್ಲಿ.”

ನಿಜವಾಗಿಯೂ ಹಾಗೇ ಹೊಲಿದು ಕೊಟ್ಟರು. ಆ ಮನೆಯಾಕೆ ಮರುವಾರವೇ ಬಂದು, ಹಾಸಿಗೆ ಸಮ ಇಲ್ಲ ಎಂದು ಕೂಗಾಡಿದಳು. ಇವರು ಕೈಕಟ್ಟಿ ನಿಂತು ಬೈಸಿಕೊಂಡರು. ಅವಳು ಹೋದ ಮೇಲೆ, “ಇನ್ನೊಂದು ನಾಲ್ಕು ದಿನ ಕಾಯಬೇಕಿತ್ತು ಮಹಾತಾಯಿ” ಎಂದು ಗೊಣಗಿಕೊಂಡರು.

ಕೆಲಸದಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಹಿಂಜುವಾಗ ಅರಳೆಯಿಂದ ಬೀಜದ ಚೂರು, ಮರಳು, ಗಂಟು ಎಲ್ಲ ಉದುರುತ್ತದೆ. ಆ ಕಸವನ್ನು ಅವರು ಒಂದು ಗಳಿಗೆಯೂ ಕೋಣೆಯಲ್ಲಿ ಇರಗೊಡುತ್ತಿರಲಿಲ್ಲ. ಕಸ ಪಕ್ಕದಲ್ಲಿದ್ದರೆ ಗಾಳಿಗೆ ಎದ್ದು ಮತ್ತೆ ಶುದ್ಧವಾದ ಅರಳೆಯೊಳಗೆ ಸೇರಿಕೊಳ್ಳುತ್ತದೆ ಎನ್ನುವುದು ಅವರ ಭಯ. ಅರಳೆ ಚಿಕ್ಕವಳಿದ್ದಾಗ ಆ ಕೆಲಸ ಅವಳದು. ಅಪ್ಪ ಕೊಡತಿ ನಿಲ್ಲಿಸಿದ ತಕ್ಷಣ ಕಸ ಬಾಚಿ, ಓಡಿ ಹೋಗಿ, ಬೀದಿಯ ತೊಟ್ಟಿಗೆ ಸುರಿದು ಬರಬೇಕು. “ತೆಗೆದ ಕಸ ಇಟ್ಕೋಬಾರದು ಮಗಳೇ” ಎನ್ನುವುದನ್ನು ಅವಳು ಮಗ್ಗಿಗಿಂತ ಮೊದಲು ಕಲಿತಳು.

ಅರಳೆಯ ದೂಳು ಅವರ ಎದೆಯೊಳಗೆ ಯಾವಾಗ ಮನೆ ಮಾಡಿತೋ ಗೊತ್ತಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಕಟ್ಟಿಕೊಂಡು, ನಾನು ಒಳಗೆ ಬಂದ ಮೇಲೆ ಕೊರಳಿಗೆ ಇಳಿಸಿಕೊಳ್ಳುತ್ತಿದ್ದರು. ಬರಬರುತ್ತ ಕೆಮ್ಮು ಕೆಲಸದ ಜೊತೆಗೇ ಸೇರಿಹೋಯಿತು. ಟೊಂಯ್, ಟೊಂಯ್, ಆಮೇಲೆ ಕೆಮ್ಮು. ಮೊದಲು ಒಂದು ಒಣ ಕೆಮ್ಮು, ಬಾಗಿಲು ತಟ್ಟಿದ ಹಾಗೆ. ಅದರ ಹಿಂದೆ ಇನ್ನೊಂದು, ಆಳದ್ದು. ಕೊನೆಗೆ ಮೂಗಿನಲ್ಲಿ ಸಣ್ಣದೊಂದು ಹೂಂಕಾರ, ಏನೂ ಆಗಿಲ್ಲ ಎನ್ನುವ ಹಾಗೆ. ನಾನು ಕೈಯಲ್ಲಿ ಏನೇ ಇರಲಿ, ಒಳಗಿನಿಂದಲೇ ಕೂಗುತ್ತಿದ್ದೆ.

“ನೀರು ಕುಡೀರಿ.”

“ಕುಡಿದೆ ಬಿಡೇ.”

ಕುಡಿದಿರುತ್ತಿರಲಿಲ್ಲ. ಚೊಂಬು ಮುಚ್ಚಿಟ್ಟ ಹಾಗೆಯೇ ಇರುತ್ತಿತ್ತು. ಮತ್ತೆ ಟೊಂಯ್, ಟೊಂಯ್. ಗೋಡೆಯಾಚೆಯ ಮನೆಯ ಅತ್ತಿಗೆ, ಸ್ವಂತ ಅತ್ತಿಗೆಯಲ್ಲ, ಹಾಗೆಂದು ಕರೆದು ಅಭ್ಯಾಸ, ಗೋಡೆ ಬಡಿದು, “ನಿಮ್ಮ ಸಂಗೀತ ಮುಗೀತೇನ್ರೋ? ಕಣ್ಣು ಮುಚ್ಚೋಣ ಅಂದ್ರೆ ಬಿಡಲ್ವಲ್ಲ!” ಎಂದು ರೇಗಿಸುತ್ತಿದ್ದಳು. ಮೂವರ ಮಾತೂ ಆ ಸದ್ದಿಗೆ ಹೆಣೆದುಕೊಂಡಿತ್ತು.

ಅರಳೆ ದೊಡ್ಡವಳಾಗಿ ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬಿಡುವಾದಾಗ ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತಿದ್ದಳು. ಯಾವ ಕಂಪನಿಯೂ ಇಲ್ಲ, ಕೇಳುವವರೂ ಇಲ್ಲ. ತಾನೇ ಕಟ್ಟಿ ತಾನೇ ಹಂಚುವುದು. ಒಂದು ದಿನ ಮೈಕು ತಂದು ಅಪ್ಪನ ಬಿಲ್ಲಿನ ಪಕ್ಕ ನಿಲ್ಲಿಸಿದಳು.

“ಏನಮ್ಮ ಇದು? ನಾನೇನು ಭಾಷಣ ಮಾಡ್ಬೇಕಾ?”

“ನೀವು ಸುಮ್ನೆ ಹಿಂಜಿ ಅಪ್ಪ. ಇದೇ ಹಾಡು.”

“ಹಿಂಜೋ ಸದ್ದು ಹಾಡಾದ್ರೆ ನಾನು ಇಷ್ಟು ವರ್ಷ ಕಛೇರಿ ಕೊಟ್ಟಿದೀನಿ ಅನ್ನು. ಕೇಳಿದ್ಯೇನೇ?” ಎಂದು ನನ್ನನ್ನು ಕೂಗಿದರು.

“ಕೇಳಿದೆ, ಕೇಳಿದೆ. ಚಪ್ಪಾಳೆ ತಟ್ಟೋಕೆ ಕೈ ಖಾಲಿ ಇಲ್ಲ.”

ಕೆಲವು ದಿನ ಹಾಗೇ ನಡೆಯಿತು. ಅವಳು ಹಿಡಿದಿಟ್ಟುಕೊಂಡದ್ದನ್ನು ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದಳು. ಬಿಲ್ಲಿನ ಸದ್ದು ಗುಡ್ಡಗಳ ಸಾಲಿನ ಹಾಗೆ ಒಂದರ ಹಿಂದೆ ಒಂದು ಏರಿ ಇಳಿಯುತ್ತಿತ್ತು. ನಡುನಡುವೆ ಮುಳ್ಳುಕಂಟಿಯಂಥದ್ದು. ಅದು ಕೆಮ್ಮು. ಅದರ ಪಕ್ಕದ ಪುಟ್ಟ ಗೀಟು ನಾನಂತೆ, ನೀರು ಕುಡೀರಿ ಎಂದದ್ದು. ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಮುಖ ಸಪ್ಪಗಾಯಿತು.

“ಇಷ್ಟು ಕೆಮ್ತೀನಾ ನಾನು?”

ಮಗಳು ನನ್ನ ಮುಖ ನೋಡಿದಳು.

“ಅದನ್ನ ತೆಗೆದುಬಿಡು ಮಗಳೇ. ಜನ ಕೇಳಿದ್ರೆ ರೋಗಿಷ್ಟ ಅಂತಾರೆ. ತೆಗೆಯೋಕೆ ಬರುತ್ತಲ್ವಾ?”

“ಬರುತ್ತಪ್ಪ.”

ತೆಗೆದಳು. ಒಂದೊಂದು ಕಂಟಿಯನ್ನೂ ಬುಡಸಮೇತ ಕತ್ತರಿಸಿದಳು. ಅದರ ಜೊತೆ ನನ್ನ ಗೀಟುಗಳೂ ಹೋದವು. ಆದರೆ ಆ ಜಾಗವನ್ನು ಒತ್ತಿ ಮುಚ್ಚಲಿಲ್ಲ. ಮುಚ್ಚಿದರೆ ಅಪ್ಪನ ಕೈಯ ಓಟ ಕೆಡುತ್ತದೆ ಎಂದು ಅಷ್ಟಗಲ ಖಾಲಿ ಬಿಟ್ಟಳು. ಕೆಲಸ ಮುಗಿದ ಮೇಲೆ, ತೆಗೆದದ್ದನ್ನೂ ಮೂಲದ್ದನ್ನೂ ಅಪ್ಪ ಕಲಿಸಿದ ಹಾಗೆಯೇ ಅಳಿಸಿ ಹಾಕಿದಳು. ತೆಗೆದ ಕಸ ಇಟ್ಟುಕೊಳ್ಳಬಾರದಲ್ಲ.

ಹಾಡು ಸಿದ್ಧವಾದಾಗ ಅವರ ಕಿವಿಗೆ ಹೆಡ್‌ಫೋನ್ ಹಾಕಿದಳು. ಅವರು ಕಣ್ಣು ಮುಚ್ಚಿ ಕೂತು ಕೇಳಿದರು. ತುಂಬ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ಕಿವಿ ಮುಚ್ಚಿಕೊಂಡಿದ್ದರಿಂದ ಬೀದಿಗೇ ಕೇಳುವಷ್ಟು ಜೋರಾಗಿ ಹೇಳಿದರು:

“ಹಿಂಗೇ ಇದ್ದೆ ಕಣೇ ನಾನು, ನಿನ್ನ ಮದುವೆ ಆದಾಗ!”

ಆ ಮುಖ ನೋಡಿದ ಮೇಲೆ ಮಗಳು ಮಾಡಿದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಈಗಲೂ ಬರುವುದಿಲ್ಲ.

ಚಳಿ ಕಳೆಯುವ ಮೊದಲೇ ಅವರು ಹೋದರು. ಆಸ್ಪತ್ರೆಯ ಹಾಸಿಗೆಯನ್ನು ಕೊನೆಯ ತನಕ ಅಂಗೈಯಿಂದ ಸವರುತ್ತಿದ್ದರು. “ಇದು ಅರಳೆಯಲ್ಲ ಕಣೇ, ಸ್ಪಂಜು. ಯಾರು ಮಲಗಿದ್ರೂ ಗುರುತು ನಿಲ್ಲಲ್ಲ” ಎಂದದ್ದೇ ಕೊನೆಯ ಮಾತು.

ಮನೆ ಎಷ್ಟು ಶುದ್ಧವಾಯಿತೆಂದರೆ ನೋಡಲಾಗುತ್ತಿರಲಿಲ್ಲ. ಪಾತ್ರೆಗಳ ಮೇಲೆ ದೂಳಿಲ್ಲ. ಒಲೆಯ ಮುಂದೆ ನಿಂತಾಗ ಬಾಯಿ ತಾನಾಗಿ ತೆರೆಯುತ್ತಿತ್ತು, ಒಳಗಿನ ಮಾತು ಹೊರಡಲು ಆಚೆಯಿಂದ ಸದ್ದೇ ಬರುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಮಗಳನ್ನು ಕೇಳಿದೆ.

“ಅರಳೆ, ನಿಮ್ಮಪ್ಪನ್ನ ಹಾಕು.”

ಅವಳು ಹಾಡು ಹಾಕಿದಳು. ಟೊಂಯ್, ಟೊಂಯ್, ಖಾಲಿ. ಟೊಂಯ್, ಟೊಂಯ್, ಖಾಲಿ.

“ಇದಲ್ಲಮ್ಮ. ಕೆಮ್ಮೋದು ಹಾಕು.”

ಅವಳ ಕೈ ನಿಂತಿತು. ಆಮೇಲೆ ಹುಡುಕಿದಳು, ಸಿಗುವುದಿಲ್ಲ ಎಂದು ಗೊತ್ತಿದ್ದೂ. ಅಂಗಡಿಯ ಕಂಪ್ಯೂಟರಿನಲ್ಲೂ ತಡಕಿದಳು. ಅಳಿಸಿದ್ದನ್ನು ಮರಳಿ ತರುವುದು ಅವಳ ಕೆಲಸವೇ. ಊರವರ ಫೋನಿನಿಂದ ಕಳೆದುಹೋದ ಫೋಟೋಗಳನ್ನು ತೆಗೆದುಕೊಡುವವಳು ಅಪ್ಪನ ಒಂದು ಕೆಮ್ಮು ತರಲಾರದೆ ಹೋದಳು. ನನ್ನ ಅಕ್ಕನ ಮಗಳ ಮದುವೆಯ ವೀಡಿಯೊ ಒಂದಿತ್ತು. ಅದರಲ್ಲಿ ಅವರು ಕ್ಯಾಮೆರಾ ಕಂಡು ಉಸಿರು ಬಿಗಿಹಿಡಿದು, ಎದೆಯುಬ್ಬಿಸಿ ನಿಂತಿದ್ದಾರೆ. ಕ್ಯಾಮೆರಾ ಆಚೆ ತಿರುಗುವ ತನಕ ಹಾಗೇ.

ಮಗಳ ಹಾಗೆ ತಮ್ಮ ಪಾಡಿಗೆ ತಾವೇ ಮಾಡಿ ಹಂಚುವವರು ಊರಲ್ಲಿ ಇನ್ನೂ ಇದ್ದಾರೆ. ಪುಸ್ತಕ ಕಟ್ಟುವ ಅಂಗಡಿಯೊಂದರ ಮಹಡಿಯಲ್ಲಿ ಅವರೆಲ್ಲ ಸೇರಿ, ಇದೆಲ್ಲ ನಿಮಗೆ ಎಲ್ಲಿಂದ ಹೊಳೆಯಿತು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಒಂದು ಸಂಜೆ ಇಟ್ಟುಕೊಂಡರು. ಅರಳೆ ಹೋಗುವುದಿಲ್ಲ ಎಂದಳು. ನಾನು, ನಿನ್ನ ಜೊತೆ ನಾನೂ ಬರುತ್ತೇನೆ ನಡಿ ಎಂದೆ. ಅಲ್ಲಿಯ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಲ್ಲಿ ಆ ಬಿಲ್ಲನ್ನು ಜೋರಾಗಿ ಕೇಳಬೇಕೆನ್ನುವ ಆಸೆ ನನಗೆ. ಜೋರಾಗಿ ಹಾಕಿದರೆ ಎಲ್ಲಾದರೂ ಒಂದು ಚೂರು ಕೆಮ್ಮು ಉಳಿದುಕೊಂಡಿದ್ದು ಕೇಳಿಸೀತು ಎನ್ನುವ ಹುಚ್ಚು.

ಕಾಗದದ ಕಟ್ಟುಗಳ ನಡುವೆ ಕುರ್ಚಿ ಹಾಕಿದ್ದರು. ಅಂಟಿನ ವಾಸನೆ. ಮೊದಲು ಕಾಮಿಕ್ಸ್ ಬರೆಯುವವನು ಮಾತಾಡಿದ. ಅವನದು ಕ್ಷೌರದಂಗಡಿ. ಅವನ ಪುಸ್ತಕದಲ್ಲಿ ಯಾರ ಮುಖವೂ ಇಲ್ಲ, ಬರೀ ಹಿಂದಲೆ.

“ಬೆಳಗಿಂದ ಸಂಜೆ ತನಕ ನಾನು ನೋಡೋದೇ ಅದು. ಕುತ್ತಿಗೆ ನೋಡಿದ್ರೆ ಸಾಕು, ಸಾಲಗಾರನೋ ಹೊಸ ಮದುಮಗನೋ ಹೇಳ್ತೀನಿ. ಮುಖ ಸುಳ್ಳು ಹೇಳುತ್ತೆ ಸ್ವಾಮಿ, ಹಿಂದಲೆಗೆ ಬರಲ್ಲ” ಎಂದ. ಮುಂದಿನ ಸಾಲಿನವರು ಮೆಲ್ಲಗೆ ಕುತ್ತಿಗೆ ಮುಟ್ಟಿಕೊಂಡರು.

ಕತೆ ಬರೆಯುವಾಕೆಗೆ ಔಷಧಿ ಅಂಗಡಿಯಲ್ಲಿ ಕೆಲಸ. “ಜೋರಾಗಿ ಕೇಳೋರಿಗೆ ಮಾತ್ರೆ ಕೊಟ್ಟು ಕಳಿಸ್ತೀನಿ. ಪಿಸುಗುಟ್ಟೋರ ಕತೆ ಬರೀತೀನಿ” ಎಂದಳು.

“ಹಾಗಾದ್ರೆ ಇನ್ಮೇಲೆ ನಿಮ್ಮಂಗಡೀಲಿ ಕೂಗಿಯೇ ಕೇಳ್ಬೇಕು” ಎಂದು ಕ್ಷೌರದವನು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅರಳೆಯ ಸರದಿ. “ನಿಮ್ಮ ಹಾಡಿಗೆ ಸ್ಫೂರ್ತಿ ಯಾರು?” ಎಂದು ಕತೆಯಾಕೆ ಕೇಳಿದಳು.

ಅರಳೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು, ದೂರ ತಳ್ಳಿದಳು. “ನಮ್ಮಪ್ಪ. ಹಾಸಿಗೆ ಮಾಡೋರು. ನನಗೆ ಕಸ ತೆಗೆಯೋದು ಕಲಿಸಿದ್ರು. ನಾನು ತುಂಬ ಚೆನ್ನಾಗಿ ಕಲಿತುಬಿಟ್ಟೆ.” ಅಷ್ಟೇ ಹೇಳಿ ಹಾಡು ಹಾಕಿದಳು.

ಟೊಂಯ್. ಪೆಟ್ಟಿಗೆಗಳು ದೊಡ್ಡವು, ಸದ್ದು ನೆಲದಿಂದ ಎದ್ದು ಕುರ್ಚಿಯ ಮೂಲಕ ನನ್ನ ಮೈಗೆ ಹತ್ತಿತು. ಇಷ್ಟು ಹತ್ತಿರ ಅವರು ಸತ್ತ ಮೇಲೆ ಬಂದಿರಲಿಲ್ಲ. ಟೊಂಯ್. ನಾನು ಕಣ್ಣು ಮುಚ್ಚಿದೆ. ಮುಂದೆ ಪರದೆ, ಕೈಯಲ್ಲಿ ಸೌಟು, ಆಚೆ ಅವರು. ಆ ಖಾಲಿ ಜಾಗ ಬಂತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

“ನೀರು ಕುಡೀರಿ!”

ತುಂಬಿದ ಕೋಣೆಯಲ್ಲಿ, ಒಲೆಯ ಮುಂದಿನಿಂದ ಅಂಗಡಿಗೆ ಕೂಗುವಷ್ಟೇ ಜೋರಾಗಿ ಕೂಗಿದ್ದೆ. ಎಲ್ಲರೂ ತಿರುಗಿ ನೋಡಿದರು. ಕ್ಷೌರದವನು ಪಾಪ, ಮುದುಕಿಗೆ ಬಾಯಾರಿದೆ ಎಂದುಕೊಂಡು ತನ್ನ ಬಾಟಲಿ ಹಿಡಿದು ಓಡಿಬಂದ. “ತಗೊಳ್ಳಿ ಅಜ್ಜಿ, ತಗೊಳ್ಳಿ.” ಹಾಡು ನಡೆಯುತ್ತಲೇ ಇತ್ತು. ಆ ನೀರು ನಾನೇ ಕುಡಿದೆ.

ಮರುದಿನ ಮಧ್ಯಾಹ್ನ ಅರಳೆ ಕೆಲಸಕ್ಕೆ ಹೋಗಲಿಲ್ಲ. ಮುಂದಿನ ಕೋಣೆಯಲ್ಲಿ ಬಿಲ್ಲಿನ ಪಕ್ಕ ಮೈಕು ನಿಲ್ಲಿಸಿ ನನ್ನನ್ನು ಕರೆದಳು.

“ಅಮ್ಮ, ನೀನು ನಿನ್ನೆ ಹೇಳಿದ ಹಾಗೇ ಒಂದ್ಸಲ ಹೇಳು. ಹಾಡಿಗೆ ಸೇರಿಸ್ತೀನಿ.”

“ಕೆಮ್ಮೋರೇ ಇಲ್ಲ, ನೀರು ಯಾರಿಗೆ ಕೊಡ್ಲಿ?”

ಅವಳು ಯೋಚಿಸಿದಳು. “ಹಾಗಾದ್ರೆ ಅಪ್ಪ ಹೇಗೆ ಕೆಮ್ತಿದ್ರು? ಮಾಡಿ ತೋರಿಸು.”

ನಾನು ಕೆಮ್ಮಿದೆ. ಅವಳು ತಲೆಯಾಡಿಸಿದಳು. “ಹಾಗಲ್ಲಮ್ಮ, ಅದು ನಿನ್ನ ಕೆಮ್ಮು. ಮೊದಲ್ನೇದು ಒಣ ಕೆಮ್ಮಿರಬೇಕು.” ಅವಳು ಕೆಮ್ಮಿದಳು. “ಥೂ, ನಿಂದು ಬೆಕ್ಕಿನ ಮರಿ ಸೀನಿದ ಹಾಗಿದೆ” ಎಂದೆ. ಇಬ್ಬರಿಗೂ ನಗು ಬಂತು. ಮತ್ತೆ ನಾನು, ಮತ್ತೆ ಅವಳು. ಬಗ್ಗಿ ನೋಡಿದೆವು, ಎದೆ ಹಿಡಿದು ನೋಡಿದೆವು. ಅವರ ಹಾಗೆ ಬಿಲ್ಲು ಹಿಡಿದು ಕೂತು ಅವಳು ಕೆಮ್ಮಿದಳು. ಕೊನೆಯ ಆ ಹೂಂಕಾರ ಇನ್ನೇನು ಬಂತು ಎನ್ನುವಾಗ ಬೇರೆ ಯಾರದೋ ಆಗಿಬಿಡುತ್ತಿತ್ತು. ಇಬ್ಬರಿಗೂ ಅದು ಕಿವಿಯೊಳಗೆ ಸ್ಪಷ್ಟ ಕೇಳುತ್ತಿತ್ತು, ಇಬ್ಬರ ಗಂಟಲಿಗೂ ಬರಲಿಲ್ಲ. ಯಾವಾಗ ನಗು ನಿಂತು ಅವಳ ಕೆಮ್ಮು ಅಳುವಾಯಿತೋ ನಾನು ಕಾಣೆ. ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡೆ. ಕೂದಲಲ್ಲಿ ಒಂದು ಎಳೆಯೂ ಅರಳೆ ಇರಲಿಲ್ಲ.

ಗೋಡೆ ಬಡಿದ ಸದ್ದಾಯಿತು. ಪಕ್ಕದ ಮನೆ ಅತ್ತಿಗೆ.

“ಯಾರಿಗೇ ಕೆಮ್ಮು?” ಎಂದು ಕೂಗಿದಳು.

ಗೋಡೆಯ ಕಡೆ ತಿರುಗಿ ಹೇಳಿದೆ, “ಯಾರಿಗೂ ಇಲ್ಲ ಅತ್ತಿಗೆ. ನಮ್ಮ ಮನೇಲಿ ಯಾರಿಗೂ ಕೆಮ್ಮಿಲ್ಲ.”