ಡ್ರ್ಯಾಗನ್ ಪೇಟೆಯಲ್ಲಿ ಹೆಸರಿನ ಹಬ್ಬ

ಬಟ್ಟೆಯ ಸುಕ್ಕು ತೆಗೆಯುವ ಬಿಸಿ ಉರುಳೆ ಯಂತ್ರದ ಬಾಯಿಗೆ ಒದ್ದೆ ಹೊದಿಕೆಯ ಅಂಚನ್ನು ಕೊಡುತ್ತಿದ್ದ ವಾಂದಾ ಗಾವ್ಲಿಕ್ ಅವರ ಕಣ್ಣು ಬಟ್ಟೆಯ ಮೇಲಿರಲಿಲ್ಲ. ಹೊದಿಕೆ ಓರೆಯಾಗಿ ಒಳಗೆ ಹೋಯಿತು, ಇನ್ನೊಂದು ಬದಿಯಿಂದ ಉದ್ದಕ್ಕೂ ಸುಕ್ಕು ಬಿದ್ದು ಹೊರಬಂತು. ಅವರು ಅದಕ್ಕೆ ಮತ್ತೆ ನೀರು ಚಿಮುಕಿಸಿ ಪಕ್ಕಕ್ಕಿಟ್ಟರು. ಅವರ ಕೈಯಲ್ಲಿ ಹೀಗಾಗುವುದು ಅಪರೂಪ. ಕ್ರಾಕೋವ್ ನಗರದ ನೋವಾ ಹೂತಾದಲ್ಲಿ, ಈ ಬಡಾವಣೆಯ ಜನ ಹೊದಿಕೆ, ಮೇಜುಬಟ್ಟೆಗಳನ್ನು ಸಾಪು ಮಾಡಿಸಲು ಅವರ ಅಂಗಡಿಗೇ ತರುತ್ತಾರೆ. ಬಟ್ಟೆಯ ಜೊತೆ ಸುದ್ದಿಯೂ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಬಟ್ಟೆ ಮಡಚಿಕೊಂಡಿರುತ್ತದೆ, ಸುದ್ದಿ ಬಿಚ್ಚಿಕೊಂಡಿರುತ್ತದೆ.

ಅವರ ಕಣ್ಣಿದ್ದದ್ದು ಮೇಜಿನ ಮೇಲೆ ಹರಡಿದ್ದ ಬಣ್ಣದ ನಕ್ಷೆಯ ಮೇಲೆ. ನಗರದ ಪಶ್ಚಿಮಕ್ಕಿರುವ ದೊಡ್ಡ ಮನರಂಜನಾ ಪಾರ್ಕಿನ ನಕ್ಷೆ ಅದು. ಒಂದು ಮೂಲೆಯಲ್ಲಿ ಡ್ರ್ಯಾಗನ್ ಪೇಟೆ: ಕಲ್ಲಿನ ಗೋಪುರ, ಮರದ ಸೇತುವೆ, ಡ್ರ್ಯಾಗನ್ನಿನ ಬೆನ್ನೇರಿ ಓಡುವ ರೈಲು, ಚಿಕ್ಕ ಮಕ್ಕಳಿಗೆ ಮೊಟ್ಟೆಯಾಕಾರದ ಉಯ್ಯಾಲೆಗಳು.

"ಈ ಕೆಂಪು ಗೆರೆ ದಾರಿನೋ, ರೈಲೋ?" ಎಂದು ವಾಂದಾ ಕೇಳಿದರು. ಕೇಳಿದ್ದು ಮೇಲಿನ ಮಹಡಿಯ ಸ್ತೆಫಾನ್ಯಾ ಅವರನ್ನು. ಮೇಜುಬಟ್ಟೆ ಕೊಟ್ಟು ಹೋಗಲು ಬಂದಿದ್ದ ಸ್ತೆಫಾನ್ಯಾ, ಎಂದಿನಂತೆ, ಹೋಗದೆ ಸ್ಟೂಲಿನ ಮೇಲೆ ಕೂತಿದ್ದರು.

"ದಾರಿ ಇರ್ಬೇಕು."

"ದಾರಿ ಆದ್ರೆ ತಲೆಕೆಳಗಾಗಿ ಯಾಕೆ ಹೋಗುತ್ತೆ?"

"ಹಾಗಾದ್ರೆ ರೈಲು. ಈ ವಯಸ್ಸಲ್ಲಿ ನಿನಗ್ಯಾಕೆ ಇದೆಲ್ಲ? ಡ್ರ್ಯಾಗನ್ನೇ ನೋಡ್ಬೇಕು ಅಂದ್ರೆ ಟ್ರಾಮ್ ಹತ್ತಿ ಕೋಟೆ ಕೆಳಗೆ ಹೋಗು. ನಮ್ಮೂರಿನದೇ ಒಂದು ಡ್ರ್ಯಾಗನ್ ಪ್ರತಿಮೆ ನಿಂತಿದೆ, ಬಿಟ್ಟಿಯಾಗಿ ಬೆಂಕಿ ಉಗುಳುತ್ತೆ."

"ಕೋಟೆ ಹತ್ರ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು ಹೋಗ್ಬಹುದು ಸ್ತೆಫಾನ್ಯಾ. ಇಲ್ಲಿ ಆಗಲ್ಲ. ಗೇಟು ಒಂದೇ, ಎಲ್ಲರೂ ಒಟ್ಟಿಗೇ ಹೋಗ್ಬೇಕು."

ಸ್ತೆಫಾನ್ಯಾ ಅವರಿಗೆ ವಿಷಯ ತಿಳಿಯಿತು. ಬಡಾವಣೆಯಲ್ಲಿ ತಿಳಿಯದವರಿಲ್ಲ.

ವಾಂದಾ ಅವರಿಗೆ ಇಬ್ಬರು ಮಕ್ಕಳು. ಮಗ ರಾಡೆಕ್ ಮಿನಿಬಸ್ ಓಡಿಸುತ್ತಾನೆ, ಅವನಿಗೆ ಕೈತೆಕ್ ಎಂಬ ಮಗ. ಮಗಳು ಇವೋನಾ ಔಷಧಿ ಅಂಗಡಿಯಲ್ಲಿದ್ದಾಳೆ, ಅವಳಿಗೆ ಪೋಲಾ ಎಂಬ ಮಗಳು. ವಾಂದಾ ಅವರ ಗಂಡ ಜೆನೋನ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ದಿನವೆಲ್ಲ ಊರಂಚಿನ ತಮ್ಮ ತೋಟದ ತುಂಡಿನಲ್ಲೇ ಕಳೆಯುತ್ತಿದ್ದರು. ಒಂದು ಮರದ ಗುಡಿಸಲು, ನಾಲ್ಕು ಪಾತಿ ಸೊಪ್ಪು, ಒಂದಿಷ್ಟು ಹಣ್ಣಿನ ಗಿಡ, ಅಷ್ಟೇ. ಅವರು ತೀರಿಕೊಂಡ ಮೇಲೆ ತೋಟ ರಾಡೆಕ್‌ನ ಹೆಸರಿಗೆ ಹೋಯಿತು. ಅದಕ್ಕೆ ಇವೋನಾ ಏನೂ ಅನ್ನಲಿಲ್ಲ. ಆದರೆ ಮೊದಲ ವಸಂತದಲ್ಲೇ ರಾಡೆಕ್ ಅಲ್ಲಿದ್ದ ಚೆರ್ರಿ ಮರವನ್ನು ಕಡಿದ. ಟೊಮೇಟೊ ಪಾತಿಗೆ ಅದರ ನೆರಳು ಬೀಳುತ್ತಿತ್ತು. ಇವೋನಾ ಹುಟ್ಟಿದ ವರ್ಷ ಅಪ್ಪ ನೆಟ್ಟ ಮರ ಅದು. ತನಗೆ ಗೊತ್ತಿರಲಿಲ್ಲ ಎಂದ ರಾಡೆಕ್. ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ ಎಂದಳು ಇವೋನಾ. ಅಂದಿನಿಂದ ಅಣ್ಣ ತಂಗಿಯರ ನಡುವೆ ಮಾತಿಲ್ಲ.

ಅಲ್ಲಿನ ಕ್ಯಾಲೆಂಡರಿನಲ್ಲಿ ಪ್ರತಿ ದಿನಕ್ಕೂ ಕೆಲವು ಹೆಸರುಗಳಿರುತ್ತವೆ, ಆ ಹೆಸರಿನವರಿಗೆ ಅಂದು ಹಬ್ಬ; ಜೂನ್ ಇಪ್ಪತ್ತಮೂರು ವಾಂದಾ ಎಂಬ ಹೆಸರಿನ ದಿನ. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ನೆನಪಿರುವವರು ಹೂ ಹಿಡಿದು ತಾವಾಗಿ ಬರುತ್ತಾರೆ. ಹೆಸರಿನವರು ಕೇಕು ಮಾಡಿಟ್ಟು, ಕಾಫಿಗೆ ನೀರಿಟ್ಟು ಕಾಯುತ್ತಾರೆ. ಇಂಥ ಹೊತ್ತಿಗೇ ಬರಬೇಕೆಂಬ ನಿಯಮವೂ ಇಲ್ಲ. ಮಾತು ಬಿಟ್ಟ ಮಕ್ಕಳಿಗೆ ಈ ಪದ್ಧತಿ ಅನುಕೂಲವಾಗಿ ಒದಗಿತು. ಕಳೆದ ಬಾರಿ ರಾಡೆಕ್ ಮಧ್ಯಾಹ್ನದ ಊಟ ಮುಗಿಸಿ ಬಂದು ಹೋದ, ಇವೋನಾ ಸಂಜೆ ಬಂದಳು. ನಡುವೆ ವಾಂದಾ ಅವೇ ತಟ್ಟೆಗಳನ್ನು ತೊಳೆದು, ಒರೆಸಿ, ಅದೇ ಮೇಜಿನ ಮೇಲೆ ಮತ್ತೆ ಜೋಡಿಸಿದರು. ಅದೇ ದಿನ ಅಪ್ಪಂದಿರ ದಿನವೂ ಹೌದು. ಜೆನೋನ್ ಅವರ ಸಮಾಧಿಯ ಮೇಲೆ ಎರಡು ದೀಪ ಉರಿಯುತ್ತಿದ್ದವು. ಒಂದನ್ನು ಹಚ್ಚಿದವರು ಇನ್ನೊಂದನ್ನು ಹಚ್ಚಿದವರನ್ನು ಕಂಡಿರಲಿಲ್ಲ. ಮಧ್ಯಾಹ್ನ ಕೈತೆಕ್, ಸಂಜೆ ಪೋಲಾ, ಇಬ್ಬರೂ ಅಜ್ಜಿಯನ್ನು ಕೇಳಿದ್ದು ಮಾತ್ರ ಒಂದೇ ಮಾತು: ಡ್ರ್ಯಾಗನ್ ಪೇಟೆಗೆ ಯಾವಾಗ ಕರ್ಕೊಂಡು ಹೋಗ್ತೀಯಾ?

ಈ ವರ್ಷ ಆ ದಿನ ಭಾನುವಾರ ಬಂದಿತ್ತು. ವಾಂದಾ ಮಗನಿಗೂ ಮಗಳಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ವಾಕ್ಯ ಹೇಳಿದರು. "ಈ ಸಲ ನನ್ನ ಹೆಸರಿನ ಹಬ್ಬ ಮನೇಲಿಲ್ಲ, ಡ್ರ್ಯಾಗನ್ ಪೇಟೇಲಿ." ಹೇಳಿ, ಉತ್ತರ ಬರುವ ಮೊದಲೇ ಇಟ್ಟುಬಿಟ್ಟರು. ಕರೆದರೆ ತಾನೇ ಬರುವುದಿಲ್ಲ ಎನ್ನಲು ಸಾಧ್ಯ? ಅವರು ಕರೆದಿರಲಿಲ್ಲ.

ಇದನ್ನೆಲ್ಲ ಸ್ತೆಫಾನ್ಯಾ ಅವರಿಗೆ ಹೇಳುವವರೆಗೆ ಯೋಜನೆ ಸರಿಯಾಗಿತ್ತು.

"ಮತ್ತೆ ಭಾನುವಾರ ಎಷ್ಟು ಹೊತ್ತಿಗೆ ಹೊರಡೋದು?" ಎಂದು ಸ್ತೆಫಾನ್ಯಾ ಕೇಳಿದರು.

"ನೀನಾ?"

"ಮತ್ತಿನ್ಯಾರು? ನಿನ್ನ ಹೆಸರಿನ ಹಬ್ಬ ನಾನು ಯಾವ ವರ್ಷ ತಪ್ಪಿಸಿದ್ದೀನಿ? ಮನೇಲಿ ಮಾಡಿದ್ರೆ ಮೆಟ್ಟಿಲು ಇಳ್ದು ಬರ್ತೀನಿ, ಅಲ್ಲಿ ಮಾಡಿದ್ರೆ ಅಲ್ಲಿಗೆ ಬರ್ತೀನಿ."

ವಾಂದಾ ನಕ್ಷೆಯನ್ನು ತಿರುಗಿಸಿದರು, ಮತ್ತೆ ಸರಿ ಮಾಡಿದರು. ಹೆಸರಿನ ಹಬ್ಬಕ್ಕೆ ಬರುವವರನ್ನು ಬೇಡ ಎನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅವರ ಬಾಯಲ್ಲೂ ಬರಲಿಲ್ಲ.

ಮರುದಿನ ನಿವೃತ್ತ ಟ್ರಾಮ್ ಚಾಲಕ ಬೋಲೆಕ್ ಹೊದಿಕೆಗಳ ಗಂಟು ಹೊತ್ತು ಬಂದರು. ಗಂಟು ಇಳಿಸಿ, ಟೋಪಿ ತೆಗೆದು, ಗಂಭೀರವಾಗಿ ಕೇಳಿದರು: "ವಾಂದಾ ಅವ್ರೇ, ಒಂದು ಸಂದೇಹ. ಹೂವು ಸವಾರಿಗೆ ಮುಂಚೆ ಕೊಡೋದಾ, ಆಮೇಲಾ? ಕೈಯಲ್ಲಿ ಹಿಡ್ಕೊಂಡು ಡ್ರ್ಯಾಗನ್ ಮೇಲೆ ಕೂತ್ರೆ ಒಂದು ದಳ ಉಳಿಯಲ್ಲ."

"ನೀವೂ ಬರ್ತೀರಾ?"

"ಮಂಡಿ ಒಂದು ಬಿಟ್ಟು ಉಳಿದಿದ್ದೆಲ್ಲ ಬರುತ್ತೆ."

ಆ ವಾರ ಹಾಗೇ ಸಾಗಿತು. ಯಾರೂ 'ನಾವು ಬರುತ್ತೇವೆ' ಎನ್ನಲಿಲ್ಲ. ಎಲ್ಲರೂ ಇನ್ನೇನನ್ನೋ ಕೇಳಿದರು. ಗೋಪುರದ ಹತ್ತಿರ ನೆರಳಿದೆಯೇ, ಸಾಲಿನಲ್ಲಿ ನಿಲ್ಲುವಾಗ ಕೂರಲು ಬೆಂಚು ಸಿಗುತ್ತದೆಯೇ, ಮಳೆ ಬಂದರೆ ಡ್ರ್ಯಾಗನ್ ನಿಲ್ಲಿಸುತ್ತಾರೆಯೇ ಎಂದು. ವಾಂದಾ ಒಂದಕ್ಕೂ ಉತ್ತರ ತಿಳಿಯದೆ ಎಲ್ಲದಕ್ಕೂ "ಇರ್ಬಹುದು" ಎಂದರು. ಮನೆಯವರಿಗೆಂದು ಹೊರಡಿಸಿದ ಪ್ರವಾಸಕ್ಕೆ ಇಡೀ ಕಟ್ಟಡವೇ ಸಿದ್ಧವಾಗುತ್ತಿತ್ತು. ಮನೆಯವರ ಕಡೆಯಿಂದ ಮಾತ್ರ ಒಂದು ಪ್ರಶ್ನೆಯೂ ಬಂದಿರಲಿಲ್ಲ.

ಇಷ್ಟು ಜನ ಹೋಗುವುದಾದರೆ ಗುಂಪಿನ ಟಿಕೆಟ್ ಮಾಡಿಸು ಎಂದು ಸ್ತೆಫಾನ್ಯಾ ಹೇಳಿದರು. ವಾಂದಾ ಪಾರ್ಕಿಗೆ ಫೋನ್ ಮಾಡಿದರು. ಎತ್ತಿಕೊಂಡವಳು ಚುರುಕು ದನಿಯ ಹುಡುಗಿ.

"ಎಷ್ಟು ಜನ ಮೇಡಂ?"

"ಗೊತ್ತಿಲ್ಲಮ್ಮ."

"ಸುಮಾರಾಗಿ ಹೇಳಿ."

"ಹೆಸರಿನ ಹಬ್ಬ ಕಣಮ್ಮ. ಸುಮಾರಾಗಿ ಅಂತ ನಾನು ಹೇಗೆ ಹೇಳ್ಲಿ?"

"ಅಯ್ಯೋ, ಹೌದಲ್ವಾ," ಎಂದಳು ಹುಡುಗಿ. "ನಮ್ಮಜ್ಜಿ ಮನೇಲೂ ಹಾಗೇ. ಆದ್ರೆ ಇಲ್ಲಿ ಕಂಪ್ಯೂಟರ್ ಕೇಳುತ್ತೆ ಮೇಡಂ, ಅದಕ್ಕೆ ಹೆಸರಿನ ಹಬ್ಬ ಗೊತ್ತಿಲ್ಲ. ಒಂದು ಕೆಲಸ ಮಾಡಿ, ಬಂದವ್ರನ್ನ ಗೇಟಲ್ಲೇ ಎಣಿಸೋಣ. ನಿಮ್ಮ ಮನೇವ್ರು ಎಷ್ಟು ಅಂತ ಮಾತ್ರ ಈಗ ಹೇಳ್ಬಿಡಿ. ಅವ್ರಾದ್ರೂ ಖಚಿತ ತಾನೆ?"

ಬೋಲೆಕ್ ಖಚಿತ, ಸ್ತೆಫಾನ್ಯಾ ಖಚಿತ, ಪಕ್ಕದ ಬೇಕರಿಯ ಅಕ್ಕತಂಗಿಯರೂ ಖಚಿತ. ಖಚಿತವಿಲ್ಲದಿದ್ದದ್ದು ಅದೊಂದೇ. ವಾಂದಾ ವಿಷಯ ಬದಲಿಸಿ, ಹೆರಿಂಗ್ ಮೀನು ತರಬಹುದೇ ಎಂದು ಕೇಳಿದರು.

"ಮೀನಾ?"

"ಎಣ್ಣೇಲಿ ಹಾಕಿದ್ದು, ಈರುಳ್ಳಿ ಜೊತೆ. ಅದಿಲ್ಲದೆ ಹೇಗೆ?"

"ಗೋಪುರದ ಹಿಂದೆ ಬೆಂಚುಗಳಿವೆ, ಅಲ್ಲಿ ತಿನ್ನಿ. ಡ್ರ್ಯಾಗನ್ ಮೇಲೆ ಮಾತ್ರ ಬೇಡ ಮೇಡಂ."

ಗುರುವಾರ ರಾಡೆಕ್ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು, "ಅಮ್ಮ, ಬೋಲೆಕ್ ಮಾಮ ಫೋನ್ ಮಾಡಿ, ಮಿನಿಬಸ್ಸಲ್ಲಿ ಕಾಲು ನೀಡೋಕೆ ಜಾಗ ಇದ್ಯಾ ಅಂತ ಕೇಳ್ತಾರೆ. ಯಾವ ಮಿನಿಬಸ್ಸು?" ಎಂದ.

"ನಿಂದು."

"ನನಗೇ ಯಾರೂ ಹೇಳ್ಲಿಲ್ವಲ್ಲ!"

"ಹೇಳಿದ್ರೆ ಕರೆದ ಹಾಗಾಗುತ್ತೆ."

ರಾಡೆಕ್ ನಕ್ಕ. ಆಮೇಲೆ ಮೇಜಿನ ಮೇಲಿದ್ದ ನಕ್ಷೆಯನ್ನು ನೋಡುತ್ತ, ಮೊಟ್ಟೆಯ ಉಯ್ಯಾಲೆಗಳ ಚಿತ್ರದ ಮೇಲೆ ಬೆರಳಾಡಿಸುತ್ತ, "ಅವಳು ಬರ್ತಾಳಾ?" ಎಂದು ಕೇಳಿದ.

"ನಾನು ಕೇಳಿಲ್ಲ. ನೀನೇ ಕೇಳು."

"ನಾನು ಯಾವ ಬಾಯಲ್ಲಿ ಕೇಳ್ಲಿ? ಮರ ಕಡಿದವನು ನಾನು."

ಗೊತ್ತಿರಲಿಲ್ಲ ಎಂಬ ಮಾತನ್ನು ಆ ದಿನ ಅವನು ಸೇರಿಸಲಿಲ್ಲ. ಹಿಂದೆಲ್ಲ ಸೇರಿಸುತ್ತಿದ್ದ. ವಾಂದಾ ಅವರಿಗೆ ಅದು ಹೊಳೆದದ್ದು ಅವನು ಹೋದ ಮೇಲೆ. ಅದರ ಅರ್ಥವೇನೆಂದು ಕೇಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಇವೋನಾಳ ಫೋನ್ ಬಂತು. ದನಿಯಲ್ಲಿ ಬಿಸಿ ಇತ್ತು.

"ಅಮ್ಮ, ಈಗ ಒಬ್ಬಳು ಬಂದು ಪ್ರಯಾಣದಲ್ಲಿ ವಾಂತಿ ಆಗ್ದೆ ಇರೋ ಮಾತ್ರೆ ಕೊಡಿ ಅಂದ್ಲು. ಎಲ್ಲಿಗೆ ಹೊರಟಿದ್ದೀರಿ ಅಂದ್ರೆ, ನಿಮ್ಮಮ್ಮನ ಹೆಸರಿನ ಹಬ್ಬಕ್ಕೆ ಅಂತಾಳೆ! ಊರಿಗೆಲ್ಲ ಗೊತ್ತು, ನನಗೆ ಎಷ್ಟು ಹೊತ್ತಿಗೆ ಅಂತ್ಲೂ ಗೊತ್ತಿಲ್ಲ."

"ನಿನಗೇ ಮೊದಲು ಹೇಳಿದ್ದು."

"ಹೇಳಿ ಇಟ್ಬಿಟ್ಟೆ. ಎಲ್ಲರೂ ಹೋಗೋದು ಅವನ ಮಿನಿಬಸ್ಸಲ್ಲಾ?"

"ಇನ್ಯಾರ ಹತ್ರ ಮಿನಿಬಸ್ ಇದೆ?"

ಫೋನಿನಲ್ಲಿ ಔಷಧಿ ಅಂಗಡಿಯ ಬಾಗಿಲ ಗಂಟೆ ಕೇಳಿಸಿತು. ಯಾರೋ ಕೆಮ್ಮಿದರು.

"ಪೋಲಾ ಹಿಂದೆ ಕೂತ್ರೆ ವಾಂತಿ ಮಾಡ್ಕೊಳ್ತಾಳೆ," ಎಂದಳು ಇವೋನಾ. "ಅವಳಿಗೆ ಮುಂದಿನ ಸೀಟೇ ಆಗ್ಬೇಕು."

"ಅಂದ್ರೆ?"

"ಅಂದ್ರೆ ಏನಿಲ್ಲ. ಹೇಳ್ದೆ ಅಷ್ಟೇ. ಗಿರಾಕಿ ಬಂದ್ರು, ಇಡ್ತೀನಿ."

ಉರುಳೆ ಬಿಸಿಯಾಗಿ ಕಾಯುತ್ತಿತ್ತು. ವಾಂದಾ ಅದನ್ನು ಆರಿಸಿ, ಮೆಟ್ಟಿಲು ಹತ್ತಿ ಸ್ತೆಫಾನ್ಯಾ ಅವರ ಬಾಗಿಲು ತಟ್ಟಿದರು.

"ಬರ್ತೀನಿ ಅಂದ್ಲಾ?" ಎಂದು ಸ್ತೆಫಾನ್ಯಾ ವಿಚಾರಿಸಿದರು.

"ಅನ್ಲಿಲ್ಲ."

"ಬರಲ್ಲ ಅಂದ್ಲಾ?"

"ಅದೂ ಅನ್ಲಿಲ್ಲ. ಪೋಲಾಗೆ ಮುಂದಿನ ಸೀಟು ಅಂದ್ಲು."

"ಸರಿ ಹೋಯ್ತು. ಹುಡುಗೀನ ಮಾತ್ರ ಕಳಿಸ್ತಾಳೋ ಏನೋ."

ಈ ಸಾಧ್ಯತೆ ವಾಂದಾ ಅವರಿಗೆ ಹೊಳೆದೇ ಇರಲಿಲ್ಲ. ಅವರು ಸ್ತೆಫಾನ್ಯಾ ಅವರ ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂತರು. ಕೇಳಿಬಿಡಬೇಕು ಎಂದರು. ಕೇಳಿದರೆ ಕರೆದಂತಾಗುತ್ತದೆ ಎಂದರು. ಕರೆದರೆ ಇಲ್ಲ ಎನ್ನುತ್ತಾಳೆ ಎಂದರು. ಸ್ತೆಫಾನ್ಯಾ ಗಾಜಿನ ಲೋಟದಲ್ಲಿ ಚಹಾ ಕೊಟ್ಟು, "ಇದನ್ನ ಕುಡಿ, ಆ ಡ್ರ್ಯಾಗನ್ ರೈಲಿಗಿಂತ ನೀನೇ ಜಾಸ್ತಿ ಸುತ್ತುತ್ತಾ ಇದ್ದೀಯಾ," ಎಂದರು.

ಕೊನೆಗೆ ವಾಂದಾ ಮಗನಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದರು: "ನಿನ್ನ ಪಕ್ಕದ ಸೀಟಲ್ಲಿ ಯಾರನ್ನೂ ಕೂರಿಸ್ಬೇಡ."

"ಯಾಕೆ? ಬೋಲೆಕ್ ಮಾಮ ಅಲ್ಲಿ ಕಾಲು ನೀಡ್ತೀನಿ ಅಂದಿದ್ದಾರೆ."

"ಅವರು ಹಿಂದೆ ನೀಡ್ಲಿ."

"ಪೋಲಾಗೆ ಇನ್ನೂ ಹಿಂದೆ ಕೂತ್ರೆ ವಾಂತಿ ಬರುತ್ತಾ?" ಎಂದು ರಾಡೆಕ್ ಕೇಳಿದ.

"ಬರುತ್ತಂತೆ."

"ಮುಂದೆ ನನ್ನ ಪಕ್ಕ ಎರಡು ಸೀಟಿವೆ ಅಮ್ಮ. ಎರಡನ್ನೂ ಖಾಲಿ ಇಡ್ತೀನಿ."

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ವಾಂದಾ ಕೇಕಿಗೆಂದು ಮೆತ್ತನೆಯ ಚೀಸನ್ನು ಅರೆಯುತ್ತಿದ್ದಾಗ ಇವೋನಾ ಮತ್ತೆ ಫೋನ್ ಮಾಡಿದಳು.

"ಚೀಸ್ ಕೇಕ್ ನೀನು ಮಾಡ್ಬೇಡ. ನಾನು ಒಲೇಲಿ ಇಟ್ಟಾಯ್ತು. ನಿಂದು ಯಾವಾಗ್ಲೂ ಅಡಿ ಹಿಡಿಯುತ್ತೆ."

"ಹಿಡಿಯಲ್ಲ."

"ಹಿಡಿಯುತ್ತೆ. ಅಪ್ಪ ಕೆರೆದು ತೆಗೆದು ತಿಂತಿದ್ರು, ನಿನಗೆ ಹೇಳ್ತಿರ್ಲಿಲ್ಲ." ಅದರ ಬೆನ್ನಿಗೇ, "ಮತ್ತೆ ಅವನಿಗೆ ಹೇಳು, ತಿರುವಿನಲ್ಲಿ ನಿಧಾನ ಓಡಿಸ್ಲಿ. ಕೇಕು ಬಿರುಕು ಬಿಡುತ್ತೆ," ಎಂದಳು.

"ಕೇಕನ್ನ ಪೋಲಾ ಹಿಡ್ಕೊಳ್ತಾಳಾ?"

"ಅವಳ ಕೈಗೆ ಕೊಟ್ರೆ ಪಾರ್ಕಿಗೆ ಹೋಗೋ ಹೊತ್ತಿಗೆ ತಟ್ಟೆ ಮಾತ್ರ ಇರುತ್ತೆ."

ವಾಂದಾ ಫೋನ್ ಇಟ್ಟರು. ಅರೆದ ಚೀಸನ್ನು ಬಟ್ಟಲಿಗೆ ತೋಡಿ ಮುಚ್ಚಿಟ್ಟರು. ಸೋಮವಾರ ಕಡುಬಿಗೆ ಆಗುತ್ತದೆ. ಆಮೇಲೆ ಮಗನಿಗೆ ಸುದ್ದಿ ಮುಟ್ಟಿಸಿದರು: ತಿರುವಿನಲ್ಲಿ ನಿಧಾನ ಓಡಿಸಬೇಕಂತೆ. ಯಾರು ಹೇಳಿದ್ದೆಂದು ರಾಡೆಕ್ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಿನಿಬಸ್ ಅಂಗಡಿಯ ಮುಂದಿನಿಂದ ಹೊರಡುತ್ತದೆ. ಪಾರ್ಕಿನ ದಾರಿ ಇರುವುದು ಪಶ್ಚಿಮಕ್ಕೆ. ರಾಡೆಕ್ ತನ್ನ ಪಕ್ಕದ ಎರಡೂ ಸೀಟು ಖಾಲಿ ಇಟ್ಟುಕೊಂಡು, ಮೊದಲು ಪೂರ್ವಕ್ಕೆ ತಿರುಗಿಸಿ, ಇವೋನಾಳ ಮನೆಯ ಮುಂದೆ ನಿಲ್ಲಿಸುತ್ತಾನೆ.